ಪಾವಗಡದವರಿಗೆ ನಾನು ಮಾಡಿದ ಬದನೆಕಾಯಿ ಪಲ್ಯ

ಸಾಸಿವೆ ಸಿಡಿಯುವ ಸದ್ದನ್ನು ನಾನು ಬಾಯಲ್ಲೇ ಮಾಡುತ್ತೇನೆ. ಮೊದಲು ಒಂದು ಚಿಟ್. ತುಸು ತಡೆದು ಇನ್ನೊಂದು ಚಿಟ್. ಆಮೇಲೆ ಎಲ್ಲ ಒಟ್ಟಿಗೆ ಚಟಪಟ. ಕೊನೆಗೆ ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಹಲ್ಲಿನ ಸಂದಿಯಿಂದ ಗಾಳಿ ಬಿಟ್ಟರೆ ಹಸಿ ಕರಿಬೇವು ಎಣ್ಣೆಗೆ ಬಿದ್ದ ‘ಚುಂಯ್’. ಮದುವೆಯ ಆರತಕ್ಷತೆಯಲ್ಲೋ ಶಾಲೆಯ ವಾರ್ಷಿಕೋತ್ಸವದಲ್ಲೋ ಮೈಕಿನ ಮುಂದೆ ಇದನ್ನು ಮಾಡಿದರೆ ಮುಂದಿನ ಸಾಲಿನ ಹೆಂಗಸರು ನಗುತ್ತಾರೆ, ಹಿಂದಿನ ಸಾಲಿನಲ್ಲಿ ಯಾರಾದರೂ ಒಬ್ಬರು ಸೀನುತ್ತಾರೆ. ನಗುವುದು ಮರ್ಯಾದೆಗೆ. ಸೀನುವುದು ಪ್ರಶಸ್ತಿ.

ಊರು ಮಧುಗಿರಿ. ಹೊಟ್ಟೆಪಾಡಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿ. ಅದರ ಜೊತೆಗೆ ತರಕಾರಿ ಗಾಡಿಯವರಿಗೆ, ಹಳೇ ಕಬ್ಬಿಣದವರಿಗೆ ಕೂಗು ರೆಕಾರ್ಡ್ ಮಾಡಿಕೊಡುತ್ತೇನೆ. ಕೊರಟಗೆರೆಯಿಂದ ತಾವರೆಕೆರೆಯವರೆಗೆ ಯಾವ ಬೀದಿಯಲ್ಲಾದರೂ ‘ಟಮಾಟ ಟಮಾಟ, ಅಕ್ಕಾ ಬಾ, ಅಮ್ಮಾ ಬಾ’ ಎಂದು ಮೂಗಿನಲ್ಲಿ ಅರಚುವ ಸ್ಪೀಕರ್ ಕೇಳಿದರೆ ಅದು ನಾನೇ ಇರಬೇಕು. ಮಧ್ಯಾಹ್ನ ಮಲಗಿಸಿದ್ದ ಮಗು ಎದ್ದು ಅತ್ತಿದ್ದರೆ ಅದಕ್ಕೂ ನಾನೇ ಕಾರಣ.

ಇಂಥವನಿಗೆ ಹೆಣ್ಣು ಕೊಡುವವರು ಯಾರು? ತೋವಿನಕೆರೆಯ ನನ್ನ ದೊಡ್ಡಮ್ಮ ಹುಡುಕುತ್ತಲೇ ಇದ್ದಳು. ಹೋದ ಮನೆಗಳಲ್ಲೆಲ್ಲ ನನ್ನನ್ನು ಬಹಳ ಇಷ್ಟಪಡುತ್ತಿದ್ದರು. ಹುಡುಗಿಯ ಅಪ್ಪ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು, ಗೇಟಿನ ತನಕ ಬಂದು ಬೀಳ್ಕೊಡುತ್ತಿದ್ದರು. ಮಾರನೆಯ ದಿನ ಫೋನು: ಹುಡುಗ ಒಳ್ಳೆಯವನೇ, ಆದರೆ ನಮಗೆ ಆಗಿಬರಲ್ಲ. ಐ.ಡಿ.ಹಳ್ಳಿಯ ಒಂದು ಮನೆಯಲ್ಲಿ ನಾನು ಕರುವಿನ ಹಾಗೆ ಕೂಗಿದೆ. ಕೊಟ್ಟಿಗೆಯ ಹಸು ಹಗ್ಗ ಕಿತ್ತುಕೊಂಡು ನಡುಮನೆಗೆ ಬಂದುಬಿಟ್ಟಿತು. ಆ ಮನೆಯವರಂತೂ ಫೋನನ್ನೂ ಮಾಡಲಿಲ್ಲ.

“ಲೇ, ಹೆಣ್ಣು ನೋಡಕ್ಕೋಗು ಅಂದ್ರೆ ಸರ್ಕಸ್ ಮಾಡಕ್ಕೋಗ್ತೀಯಲ್ಲೋ,” ಎಂದಳು ದೊಡ್ಡಮ್ಮ ಫೋನಿನಲ್ಲಿ. “ಇನ್ನೊಂದೇ ಒಂದು ಕಡೆ ಹೇಳಿವ್ನಿ. ಪಾವಗಡ. ಹುಡ್ಗಿ ಸಿರಾದಲ್ಲಿ ನರ್ಸು. ಇದೂ ಹೋತು ಅಂದ್ರೆ ನಿನ್ ದನೀನೇ ಮದ್ವೆ ಮಾಡ್ಕಂಡು ಬಿದ್ದಿರು.”

ಪಾವಗಡಕ್ಕೆ ನಾನು, ಅಪ್ಪ, ಅಮ್ಮ ಬಸ್ಸಿನಲ್ಲಿ ಹೋದೆವು. ಆ ಮನೆಯಲ್ಲಿ ಕೇಸರಿಬಾತು, ಬಾಳೆಹಣ್ಣು, ಕಾಫಿ ಕೊಟ್ಟರು. ಖಾರದ್ದು ಏನೂ ಇರಲಿಲ್ಲ, ಇರುವಂತೆಯೂ ಇಲ್ಲ. ಅವರ ಮನೆಯಲ್ಲೂ ನಮ್ಮ ಮನೆಯಲ್ಲೂ ಒಂದೇ ರೂಢಿ: ಮಾತು ಕೂಡಿ ಬರುವ ತನಕ ಒಬ್ಬರ ಮನೆಯ ಉಪ್ಪನ್ನು ಇನ್ನೊಬ್ಬರು ತಿನ್ನುವುದಿಲ್ಲ. ಸಿಹಿ ಎಷ್ಟಾದರೂ ತಿನ್ನಬಹುದು, ಅದಕ್ಕೆ ಬಾಧ್ಯತೆ ಇಲ್ಲ. ಉಪ್ಪಿನದು ಬಾಯಿಗಿಟ್ಟರೆ ಒಪ್ಪಿದ ಹಾಗೆ. ಹಾಗಾಗಿ ನಾನು ಅಷ್ಟೂ ಮನೆಗಳಲ್ಲಿ ಕೇಸರಿಬಾತು ತಿಂದು ತಿಂದು ಹಲ್ಲು ಹುಳುಕು ಮಾಡಿಕೊಂಡಿದ್ದೆ.

ಮಾತಾಡಿಕೊಳ್ಳಲಿ ಎಂದು ನಮ್ಮಿಬ್ಬರನ್ನು ಮಹಡಿಗೆ ಕಳಿಸಿದರು. ಒಣಗಲು ಹರಡಿದ್ದ ಕಡಲೆಕಾಯಿಯ ಪಕ್ಕ ಆಕೆ ನಿಂತಿದ್ದರು. ನಾನು ಏನಾದರೂ ನಗಿಸುವ ಮೊದಲೇ ಪ್ರಶ್ನೆ ಬಂತು.

“ಅಡುಗೆ ಬರ್ತದಾ?”

ಬರುವುದಿಲ್ಲ ಎನ್ನುವ ಬದಲು ನಾನು ಒಗ್ಗರಣೆ ಹಾಕಿದೆ. ಬಾಯಲ್ಲಿ. ಚಿಟ್, ಚಿಟ್, ಚಟಪಟ, ಚುಂಯ್.

ಆಕೆ ನಗಲಿಲ್ಲ. ರೋಗಿಯ ಎದೆಗೆ ಕಿವಿಗೊಟ್ಟವರ ಹಾಗೆ ತಲೆ ವಾಲಿಸಿ ಕೇಳಿ, “ಸಾಸ್ವೆ ಸೀದೋಯ್ತು,” ಎಂದರು. “ಕರಿಬೇವು ಹಾಕೋದು ಲೇಟ್ ಮಾಡಿದ್ರಿ ನೀವು.”

ಅಷ್ಟು ವರ್ಷ ಅಷ್ಟು ವೇದಿಕೆಗಳ ಮೇಲೆ ನಾನು ಹಾಕಿದ ಒಗ್ಗರಣೆಯಲ್ಲಿ ತಪ್ಪು ಹಿಡಿದವರು ಯಾರೂ ಇರಲಿಲ್ಲ. ನಗುತ್ತಿದ್ದರು, ಸೀನುತ್ತಿದ್ದರು, ಅಷ್ಟೇ. ಇವರು ಕೇಳಿದ್ದರು. ಮದುವೆಯಾದರೆ ಇವರನ್ನೇ ಎಂದು ನನಗೆ ಆ ಕಡಲೆಕಾಯಿಯ ಪಕ್ಕದಲ್ಲೇ ಅನಿಸಿಬಿಟ್ಟಿತು. ಹಾಗನಿಸಿದಾಗ ಬಾಯಿಗೆ ಏನೂ ಬರುವುದಿಲ್ಲ ಎಂಬುದೂ ಅವತ್ತೇ ಗೊತ್ತಾಯಿತು.

“ನೋಡಿ, ನಂಗೆ ಡ್ಯೂಟಿ ಬದಲಾಗ್ತಾ ಇರ್ತದೆ. ಒಂದು ವಾರ ಹಗಲು, ಒಂದು ವಾರ ನೈಟು. ಮನೇಗೆ ಬಂದಾಗ ಒಲೆ ಮೇಲೆ ಏನಾದ್ರೂ ಇರ್ಬೇಕು. ಅನ್ನ ಕುಕ್ಕರ್ ಮಾಡ್ತದೆ. ಜಲ್ದಿ ಒಂದು ಪಲ್ಯ ಮಾಡೋ ಮನುಷ್ಯ ಬೇಕು. ಬಾಯಲ್ಲಿ ಮಾಡಿದ ಪಲ್ಯ ಹೊಟ್ಟೇಗೆ ಇಳಿಯಲ್ಲ.” ‘ಜಲ್ದಿ’ ಎಂಬುದನ್ನು ಆಕೆಗೆ ಶಿರಾದ ಆಸ್ಪತ್ರೆ ಕಲಿಸಿತ್ತು. “ನಾವು ಮನೆ ನೋಡಕ್ಕೆ ಬಂದಾಗ ಮಾಡಿ ತೋರಿಸಿ. ನೀವೊಬ್ರೇ. ನಿಮ್ಮಮ್ಮ ಕೈ ಹಾಕ್ಬಾರ್ದು.”

“ನೀವೂ ಬರ್ತೀರಾ?” ಮನೆ ನೋಡಲು ಬರುವುದು ಹಿರಿಯರು; ಹುಡುಗಿ ಬಂದದ್ದನ್ನು ನಾನು ಕೇಳಿರಲಿಲ್ಲ.

“ಅಲ್ಲಿ ಇರೋಳು ನಾನು. ನಮ್ಮ ಮಾವ ನೋಡ್ಕೊಂಡು ಬಂದ್ರೆ ಆಗ್ತದಾ?”

“ಪಲ್ಯ ತಿಂತೀರಾ?”

“ಒಪ್ಪಿಗೆ ಆದ್ರೆ ತಿಂತೀವಿ. ಇಲ್ದಿದ್ರೆ ಕಾಫಿ ಕುಡ್ದು ಬಸ್ ಹತ್ತೀವಿ.”

ವಾಪಸ್ಸು ಬರುವಾಗ ಬಸ್ಸಿನಲ್ಲಿ ನಾನು ಕಂಡಕ್ಟರನನ್ನು ಅಣಕಿಸಲಿಲ್ಲ. ಅಮ್ಮ ನನ್ನ ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ. ವಿಷಯ ಹೇಳಿದೆ. “ಅಯ್ಯೋ ಶಿವನೇ,” ಎಂದು ಅವಳು ಕಿಟಕಿಯ ಕಡೆ ತಿರುಗಿಕೊಂಡಳು.

ಮಾಡಬೇಕಾದ ಪಲ್ಯ ಯಾವುದೆಂದು ಅಮ್ಮನೇ ನಿಶ್ಚಯಿಸಿದಳು: ಬದನೆಕಾಯಿ, ಹುಚ್ಚೆಳ್ಳು ಪುಡಿ ಹಾಕಿದ್ದು. ಜಲ್ದಿ ಆಗುವಂಥದ್ದು, ನಮ್ಮ ಮನೆಯ ಕೈರುಚಿ ಎಂದು ಹೇಳಿಕೊಳ್ಳುವಂಥದ್ದು. ಪಾವಗಡದವರು ಎಲ್ಲಕ್ಕೂ ಕಡಲೆಕಾಯಿ ಪುಡಿ ಉದುರಿಸುತ್ತಾರೆ, ಹುಚ್ಚೆಳ್ಳು ಏನೆಂದು ಅವರಿಗೂ ಗೊತ್ತಾಗಲಿ ಎಂಬ ಸಣ್ಣ ಹಟವೂ ಅದರಲ್ಲಿತ್ತು.

ಕಲಿಯಲು ನಿಂತರೆ ಅಮ್ಮನ ಬಳಿ ಅಳತೆಯೇ ಇಲ್ಲ. ಎಷ್ಟು ಎಣ್ಣೆ ಎಂದರೆ, “ಬಾಂಡ್ಲಿ ಕೇಳಿದಷ್ಟು.” ಎಷ್ಟು ಹೊತ್ತು ಎಂದರೆ, “ಆಗೋಗಂಟ.” ಎಷ್ಟು ಪುಡಿ ಎಂದರೆ, “ಇಷ್ಟು,” ಎಂದು ಬೆರಳು ಕೂಡಿಸಿ ತೋರಿಸುವಳು, ನಾನು ನೋಡುವಷ್ಟರಲ್ಲಿ ಅದು ಬಾಣಲೆಯೊಳಗೆ ಹೋಗಿರುವುದು. ಬರೆದುಕೊಳ್ಳುವ ಬುದ್ಧಿ ನನಗಿಲ್ಲ. ನನ್ನ ಬುದ್ಧಿ ಏನಿದ್ದರೂ ಕಿವಿಯಲ್ಲಿದೆ. ಹಾಗಾಗಿ ಮೊಬೈಲನ್ನು ಒಲೆಯ ಪಕ್ಕ ಇಟ್ಟು ಅಮ್ಮ ಪಲ್ಯ ಮಾಡುವ ಸದ್ದನ್ನೆಲ್ಲ ರೆಕಾರ್ಡ್ ಮಾಡಿಕೊಂಡೆ.

ಅಂಗಡಿಯಲ್ಲಿ ಕೂತು ಕಿವಿಗೆ ಸಿಕ್ಕಿಸಿಕೊಂಡು ಅದನ್ನು ಮತ್ತೆ ಮತ್ತೆ ಕೇಳಿದೆ. ಕಬ್ಬಿಣದ ಬಾಣಲೆ ಒಲೆಯ ಮೇಲೆ ಕೂರುವ ಠಣ್. ಕಡಲೆಕಾಯಿ ಎಣ್ಣೆ ಸುರಿದ ಸಣ್ಣ ಗುಳುಗುಳು. ಸಾಸಿವೆ. ಸಾಸಿವೆ ಅರ್ಧ ಸಿಡಿದಾಗಲೇ ಕಡಲೆಬೇಳೆ, ಉದ್ದಿನಬೇಳೆ, ಮುರಿದ ಒಣಮೆಣಸಿನಕಾಯಿ, ಜಜ್ಜಿದ ಬೆಳ್ಳುಳ್ಳಿ. ಅದರ ಬೆನ್ನಿಗೇ ಕರಿಬೇವು. ಪಾವಗಡದ ಹುಡುಗಿ ಹೇಳಿದ್ದು ಸರಿ, ನಾನು ತಡ ಮಾಡುತ್ತಿದ್ದೆ. ಆಮೇಲೆ ನೀರಲ್ಲಿ ನೆನೆದಿದ್ದ ಬದನೆ ಹೋಳು ಬಿದ್ದ ದೊಡ್ಡ ಸೊಂಯ್. ಅದು ನಿಧಾನಕ್ಕೆ ಇಳಿದು ಗೊಣಗಾಟವಾಗುತ್ತದೆ. ಮುಚ್ಚಳ. ಮುಚ್ಚಳದ ಕೆಳಗೆ ಪಕ್ಕದ ಮನೆಯವರು ಮಾತಾಡಿದ ಹಾಗೆ ಗುಸುಗುಸು. ಮುಚ್ಚಳ ತೆಗೆದು ಹುಣಸೆ ರಸ ಹಾಕಿದಾಗ ಒಂದು ಸಿಡುಕು. ಕೊನೆಗೆ ಸೌಟು ಬಾಣಲೆಯ ಅಂಚಿಗೆ ಟಕ್ ಟಕ್, ಪುಡಿ ಉದುರಿಸಿ ಒಲೆಯ ತಿರುಪು ಕಟಕ್. ಇಷ್ಟೇ ಪಲ್ಯ. ಪೂರಾ ಬಾಯಿಪಾಠ ಆಯಿತು. ಬಾಯಲ್ಲಿ ಮಾಡಿಯೂ ತೋರಿಸಿದೆ. ಅಪ್ಪ ಅನ್ನ ಕಲಸಿಕೊಳ್ಳುವವರ ಹಾಗೆ ಕೈ ಆಡಿಸಿದರು.

ಆಮೇಲೆ ಒಲೆಯ ಮುಂದೆ ನಿಂತು ಮಾಡಿದೆ. ಸದ್ದು ಹೊಂದಿಸಿಕೊಂಡು ಹೋದರೆ ಸಾಕು, ಪಲ್ಯ ತಾನಾಗಿ ಆಗುತ್ತಿತ್ತು. ಅಮ್ಮ ಬೆನ್ನ ಹಿಂದೆ ನಿಂತು, “ಉರಿ ಇಳ್ಸೋ ಮೂದೇವಿ, ಸೌಟ್ ಅಂಗ್ ಇಡೀಬ್ಯಾಡ, ಅದೇನ್ ಮೈಕಾ?” ಎಂದು ಬೈಯುತ್ತ ಆಗಾಗ ಕೈ ಆಡಿಸುವಳು. ಎರಡು ಮೂರು ಸಲ ಮಾಡಿದ ಮೇಲೆ ಅಪ್ಪ ಮತ್ತೆ ಹಾಕಿಸಿಕೊಂಡು ತಿಂದರು. ನಾನು ಒಲೆಯ ಮುಂದೆ ರುಚಿ ನೋಡುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಬಡಿಸುವ ಮೊದಲು ಬಾಯಿಗಿಟ್ಟರೆ ಎಂಜಲು. ಅಮ್ಮ ಜೀವಮಾನದಲ್ಲಿ ಸೌಟು ನೆಕ್ಕಿದವಳಲ್ಲ.

ಪಾವಗಡದವರು ಒಂದು ಭಾನುವಾರ ಬಂದರು. ಆಕೆ, ಆಕೆಯ ಅಜ್ಜಿ, ಸೋದರಮಾವ. ಆಕೆಯ ಅಪ್ಪನಿಗೆ ಬಸ್ಸಿನ ಡ್ಯೂಟಿ, ಓಡಿಸುವವರು ಅವರೇ; ಆಕೆಯ ಅಮ್ಮನಿಗೆ ಬಸ್ಸು ಹತ್ತಿದರೆ ವಾಂತಿ. ಆದ್ದರಿಂದ ತೀರ್ಮಾನವೆಲ್ಲ ಮಾವನ ಕೈಯಲ್ಲಿತ್ತು. ಕಡಲೆಕಾಯಿ ವ್ಯಾಪಾರದ ಮನುಷ್ಯ. ಪ್ರತಿ ಮಾತಿಗೆ ಮೊದಲು ಗಂಟಲು ಸರಿಮಾಡಿಕೊಳ್ಳುವರು: ‘ಹ್ಹ್ರಂ’. ಮೊದಲು ಆಳದಲ್ಲಿ ಒಂದು ಉರುಳು, ಕೊನೆಗೆ ಮೂಗಿನಲ್ಲಿ ಒಂದು ತಿರುವು. ಬಾಗಿಲಲ್ಲಿ ಅವರು ಅದನ್ನು ಮಾಡಿದ ತಕ್ಷಣ ನನ್ನ ಗಂಟಲು ತನ್ನಷ್ಟಕ್ಕೆ ತಯಾರಾಯಿತು. ಅಮ್ಮ ನನ್ನನ್ನು ನೋಡಿದಳು. ಹಿಂದಿನ ದಿನವೇ ಹೇಳಿದ್ದಳು: “ಅವ್ರ್ನ ಅಣಕಿಸ್ಬುಟ್ಟೆ ಅಂದ್ರೆ ಕಾದಿರೋ ಸೌಟಲ್ಲೇ ಬಾರಿಸ್ತೀನಿ ಕಣ್ಲಾ.”

ನಡುಮನೆಯಲ್ಲಿ ಕೂರಿಸಿ ಕಾಫಿ ಕೊಟ್ಟೆವು. ಒಳಗೆ ಅನ್ನ, ತಿಳಿಸಾರು, ಹೆಸರುಬೇಳೆ ಪಾಯಸ ಮಾಡಿ ಮುಚ್ಚಿಟ್ಟಿತ್ತು. ಒಪ್ಪಿದರೆ ಊಟ, ಇಲ್ಲವಾದರೆ ನಾವೇ ಮೂರು ದಿನ ತಿನ್ನುವುದು. ಅಜ್ಜಿ ಮನೆಯನ್ನು ಸುತ್ತಿ ನೋಡಿ, ಹಿತ್ತಲಿನ ನಲ್ಲಿ ತಿರುಗಿಸಿ, ನೀರು ಬಾಯಿಗೆ ಹಾಕಿಕೊಂಡು, “ನೀಳ್ಳು ಬಾಗುಂದಿ. ನೀರು ಚೆನ್ನಾಗೈತೆ,” ಎಂದು ತೆಲುಗು, ಕನ್ನಡ ಎರಡರಲ್ಲೂ ತೀರ್ಪು ಕೊಟ್ಟು ಬಂದು ಕೂತರು. ನೀರಿಗೆ ಪಾಸಾದೆವು.

ಆಗ ಬೀದಿಯಲ್ಲಿ ಗಾಡಿ ಬಂತು.

‘ಬದ್ನೇಕಾಯ್ ಬದ್ನೇಕಾಯ್, ತೊಂಡೇಕಾಯ್, ನುಗ್ಗೇಕಾಯ್, ಅಕ್ಕಾ ಬಾ, ಅಮ್ಮಾ ಬಾ, ಅತ್ತೇನೂ ಕರ್ಕಂಡ್ ಬಾ...’

ಗಾಡಿ ನಮ್ಮ ಮನೆಯ ಮುಂದೆಯೇ ನಿಂತಿತು. ಮಾವ ಹ್ಹ್ರಂ ಎಂದರು. “ಎಲ್ಲಾ ಊರಲ್ಲೂ ಇದೇ ಕಾಟ ಆಗ್ಬುಟ್ಟೈತೆ ನೋಡಿ. ನಮ್ ಪಾವಗಡದಾಗೂ ಇದೇ ಗಂಟ್ಲು. ಯಾವನೋ ದರಿದ್ರದೋನು, ಮೂಗಿಗೆ ಬಟ್ಟೆ ತುರುಕ್ಕಂಡು ಕೂಗಿದಂಗೆ ಕೂಗ್ತಾನೆ.”

ನಮ್ಮಪ್ಪನಿಗೆ ಸುಳ್ಳು ಹೇಳಲು ಬರುವುದಿಲ್ಲ, ಸುಮ್ಮನಿರಲೂ ಬರುವುದಿಲ್ಲ.

“ಅದು ನಮ್ ಹುಡ್ಗಂದೇ ಸಾರ್.”

ಹುಡುಗಿ ಕಾಫಿ ಲೋಟದೊಳಕ್ಕೆ ಮುಖ ಇಟ್ಟುಕೊಂಡರು. ಅಜ್ಜಿ, “ಏನಂತೆ, ಏನಂತೆ?” ಎಂದು ಕೇಳಿದರು. ಮಾವ ನನ್ನನ್ನು ತಲೆಯಿಂದ ಕಾಲಿನ ತನಕ ಇನ್ನೊಮ್ಮೆ ನೋಡಿದರು. ನಾನು ಎದ್ದು, “ಪಲ್ಯ ಮಾಡ್ಬರ್ತೀನಿ,” ಎಂದು ಅಡುಗೆಮನೆಗೆ ಓಡಿದೆ.

ಆಕೆ ಬಂದು ಬಾಗಿಲಿಗೆ ಒರಗಿ ಕೈಕಟ್ಟಿ ನಿಂತರು. ಹೊಸದಾಗಿ ಸೇರಿದ ನರ್ಸುಗಳು ಸೂಜಿ ಚುಚ್ಚುವಾಗಲೂ ಆಕೆ ಹೀಗೇ ನಿಂತು ನೋಡುತ್ತಾರೇನೋ. ಅಮ್ಮ ಹಿಂದೆಯೇ ಬಂದಳು. “ನೀವು ಕೂತ್ಕೊಳ್ಳಿ ಅತ್ತೆ, ಅವ್ರೇ ಮಾಡ್ಲಿ,” ಎಂದರು ಆಕೆ. ‘ಅತ್ತೆ’ ಎಂದದ್ದು ಕೇಳಿ ಅಮ್ಮ ಕರಗಿಹೋಗಿ, ಹೇಳಬೇಕಾದ್ದನ್ನೆಲ್ಲ ಮರೆತು, ಹೋಗಿ ಅಜ್ಜಿಯ ಪಕ್ಕ ಕೂತುಬಿಟ್ಟಳು.

ಬಾಣಲೆ ಇಟ್ಟೆ. ಠಣ್. ಬದನೆಕಾಯಿಯನ್ನು ಉದ್ದುದ್ದ ಸೀಳಿ ನೀರಿಗೆ ಹಾಕಿದೆ.

“ಮಾತಾಡಲ್ವಾ?” ಎಂದರು ಆಕೆ.

“ಮಾತಾಡಿದ್ರೆ ಸದ್ದು ಕೇಳ್ಸಲ್ಲ.”

“ಯಾವ ಸದ್ದು?”

“ಪಲ್ಯದ್ದು.”

ಎಣ್ಣೆ ಕಾಯಿತು. ಒಂದು ಚಿಟ್, ಇನ್ನೊಂದು ಚಿಟ್. ಈ ಸಲ ಸಾಸಿವೆ ಅರ್ಧ ಸಿಡಿದಾಗಲೇ ಬೇಳೆ, ಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ, ಕರಿಬೇವನ್ನು ತಡಮಾಡದೆ ಬಿಟ್ಟು, ತಿರುಗಿ ಆಕೆಯ ಮುಖ ನೋಡಿದೆ. ತಲೆ ಆಡಿಸಿದರು. ನನಗೆ ಯಾವ ಆರತಕ್ಷತೆಯಲ್ಲೂ ಅಂಥ ಚಪ್ಪಾಳೆ ಬಿದ್ದಿಲ್ಲ. ಬದನೆ ಹಾಕಿದೆ, ಸೊಂಯ್. ಅರಿಶಿನ ಉದುರಿಸಿ ಮುಚ್ಚಿದೆ. ಗುಸುಗುಸು ಶುರುವಾದ ಮೇಲೆ ಕೈಗೆ ಕೆಲಸವಿಲ್ಲದೆ ನಿಂತಾಗ ಆಕೆ ಪಿಸುಗುಟ್ಟಿದರು: “ನಮ್ಮ ಮಾವನ್ನ ಮಾಡ್ತೀರಾ?”

“ಸೌಟಲ್ಲಿ ಬಾರಿಸ್ತಾಳೆ ನಮ್ಮಮ್ಮ.”

“ಸಣ್ಣಕ್ಕೆ.”

ಸಣ್ಣಕ್ಕೇ ಮಾಡಿದೆ: ಹ್ಹ್ರಂ. ಉರುಳು, ತಿರುವು, ಎರಡೂ ಸರಿಯಾಗಿ ಕೂತವು. ನಡುಮನೆಯಿಂದ ಮಾವ, ಯಾರೋ ಮಾತು ಶುರುಮಾಡಿದರು ಎಂದುಕೊಂಡು, ಅಷ್ಟೇ ಗಂಭೀರವಾಗಿ ಹ್ಹ್ರಂ ಎಂದು ಉತ್ತರ ಕೊಟ್ಟರು. ಆಕೆ ಚೂಡಿದಾರದ ವೇಲನ್ನು ಬಾಯಿಗೆ ತುರುಕಿಕೊಂಡು ನೀರಿನ ಫಿಲ್ಟರಿನ ಪಕ್ಕ ಕುಕ್ಕರಗಾಲಲ್ಲಿ ಕೂತುಬಿಟ್ಟರು. ಮೊದಲ ಸಲ ನಕ್ಕದ್ದು ಅದು.

ಹುಣಸೆ ರಸ. ಸಿಡುಕು. ಪುಡಿ. ಹುಚ್ಚೆಳ್ಳಿನ ವಾಸನೆ ಮನೆ ತುಂಬಿತು. ಟಕ್ ಟಕ್, ಕಟಕ್. ಆಯಿತು. ಒಂದು ಸದ್ದೂ ಬಿಟ್ಟುಹೋಗಿರಲಿಲ್ಲ, ರೆಕಾರ್ಡಿನಲ್ಲಿ ಇದ್ದ ಹಾಗೆಯೇ. ಆಕೆ ಬಾಣಲೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಏನೋ ಹೇಳಲು ಬಾಯಿ ತೆರೆದು, ಹೇಳದೆ ನಡುಮನೆಗೆ ಹೋಗಿ ಅಜ್ಜಿಯ ಪಕ್ಕ ಕೂತು ತೆಲುಗಿನಲ್ಲಿ ಒಂದು ಮಾತು ಅಂದರು.

ಅಜ್ಜಿ ಮಾವನ ಕಡೆ ನೋಡಿ, “ತಿಂದಾಂ ರಾ,” ಎಂದರು. ತಿನ್ನೋಣ ಎಂದರು! “ಮೊದ್ಲು ಆ ಹುಡ್ಗ ಮಾಡಿದ್ದು ಬಟ್ಲಲ್ಲಿ ಕೊಡ್ಲಿ. ಅದು ತಿಂದ್ಮೇಲೆ ಊಟ.”

ಮಾವ ಹ್ಹ್ರಂ ಎಂದರೇ ಹೊರತು ಬೇಡ ಎನ್ನಲಿಲ್ಲ. ಅಮ್ಮ ಕಣ್ಣೊರೆಸಿಕೊಳ್ಳುತ್ತ ಸ್ಟೀಲಿನ ಬಟ್ಟಲುಗಳಿಗೆ ಪಲ್ಯ ಹಾಕಿ ಕೊಟ್ಟಳು. ಅಪ್ಪ ಆಗಲೇ ಮದುವೆ ಛತ್ರದ ಬಗ್ಗೆ ಯೋಚಿಸುತ್ತಿದ್ದರೆಂದು ಅವರ ಮುಖ ಹೇಳುತ್ತಿತ್ತು.

ಅಜ್ಜಿ ಮೊದಲು ಬಾಯಿಗಿಟ್ಟರು. ಅಗಿದರು. ಅಗಿಯುವುದು ನಿಂತಿತು.

“ಉಪ್ಪು ಲೇದೇ,” ಎಂದರು. “ಉಪ್ಪೇ ಇಲ್ಲವಲ್ಲಮ್ಮ ಇದ್ರಾಗೆ!”

ಮಾವನ ಕೈ ಬಾಯಿಯ ಹತ್ತಿರ ಹೋಗಿತ್ತು, ಅಲ್ಲೇ ನಿಂತಿತು. ಅವರು ಹೋಳನ್ನು ಬಟ್ಟಲಿಗೆ ಹಾಕಿ, ಬಟ್ಟಲನ್ನು ಕೆಳಗಿಟ್ಟು, ಹ್ಹ್ರಂ ಎಂದು ಗಂಟಲನ್ನು ಪೂರ್ತಿ ಸರಿಮಾಡಿಕೊಂಡರು.

“ಅಂಗಾದ್ರೆ ನಾವಿನ್ನೂ ಇವ್ರ ಮನೆ ಉಪ್ಪು ತಿಂದಿಲ್ಲ.”

ಆ ಮಾತು ಕೋರ್ಟಿನಲ್ಲಿ ಹೇಳಿದ ಹಾಗಿತ್ತು. ಅಜ್ಜಿ ತಿಂದದ್ದು ಲೆಕ್ಕಕ್ಕಿಲ್ಲ, ಒಪ್ಪಿಗೆ ಆಗಿಲ್ಲ, ಎದ್ದು ಹೋದರೆ ತಪ್ಪಿಲ್ಲ ಎಂದು ಅದರ ಅರ್ಥ.

ಅಮ್ಮ ತಡಬಡಿಸಿದಳು. “ಬದ್ನೇಕಾಯಿ ಉಪ್ಪುನೀರಿಗೆ ತಾನೇ ಹಾಕಿದ್ದು? ಅಲ್ವೇನ್ಲಾ? ಕಪ್ಪಾಗ್ದಂಗೆ ಉಪ್ಪುನೀರಿಗೇ ಹಾಕಾದು.” ಅವಳ ಕಣ್ಣು ‘ಹೂಂ ಅನ್ನು’ ಎನ್ನುತ್ತಿತ್ತು. ಹೂಂ ಎಂದಿದ್ದರೆ ಮಾವನ ವಾದ ಬಿದ್ದುಹೋಗುತ್ತಿತ್ತು. ಆದರೆ ಆಕೆ ಬಾಗಿಲಲ್ಲಿ ನಿಂತು ನೋಡಿದ್ದರು.

“ಬರೀ ನೀರು ಕಣಮ್ಮ,” ಎಂದೆ.

“ಪುಡೀಲಿ?” ಎಂದರು ಅಪ್ಪ, ಕೊನೆಯ ಆಸೆಯಿಂದ.

“ಪುಡೀಗೆ ನಾನು ಉಪ್ಪಾಕಲ್ಲ,” ಎಂದಳು ಅಮ್ಮ ಸೋತ ದನಿಯಲ್ಲಿ. “ನೀರೊಡೀತದೆ.”

“ನೋಡಿ, ಬೇಜಾರ್ ಮಾಡ್ಕಬ್ಯಾಡಿ,” ಎಂದರು ಮಾವ. ಅವರ ದನಿಯಲ್ಲಿ ಜಗಳ ಇರಲಿಲ್ಲ. ಅದಕ್ಕೇ ನನಗೆ ಭಯವಾದದ್ದು. “ಮನೆ ಚೆನ್ನಾಗೈತೆ, ನೀವೂ ಒಳ್ಳೇ ಜನ. ಹುಡ್ಗ ತಮಾಷೆಯೋನು. ತಮಾಷೆ ಬೇಕು, ಬ್ಯಾಡ ಅಂದೋರು ಯಾರು? ಆದ್ರೆ ನಮ್ ಹುಡ್ಗಿ ಒಂದು ಪಲ್ಯ ಕೇಳಿದ್ಲು. ಒಂದೇ ಒಂದು. ಅದಕ್ಕೆ ಉಪ್ಪಾಕೋ ಗ್ಯಾನ ಇಲ್ಲ ಅಂದ್ರೆ, ನಾಳೆ ಅವ್ಳು ಡ್ಯೂಟಿ ಮುಗ್ಸಿ ಬಂದಾಗ ಇವ್ನು ಬಾಯಲ್ಲೇ ಒಗ್ಗರಣೆ ಹಾಕ್ಕಂಡು ಕುಂತಿರ್ತಾನೆ. ಊರಿಗೋಗಿ ಮಾತಾಡಿ ಫೋನ್ ಮಾಡ್ತೀವಿ.”

ಫೋನ್ ಮಾಡ್ತೀವಿ. ಆ ಮಾತನ್ನು ನಾನು ಎಷ್ಟು ದನಿಗಳಲ್ಲಿ ಕೇಳಿದ್ದೆನೋ, ಬೇಕಾದರೆ ಒಬ್ಬೊಬ್ಬರದನ್ನೂ ಬೇರೆ ಬೇರೆ ಮಾಡಿ ತೋರಿಸಬಲ್ಲೆ. ಅವತ್ತು ಮಾತ್ರ ಕೈಯಲ್ಲಿ ಸೌಟು ಹಿಡಿದು ನಿಂತಿದ್ದೆ. ಅಷ್ಟು ಹೊತ್ತಿಗೆ ನನಗೆ ಗೊತ್ತಾಗಿತ್ತು. ಸಾಸಿವೆಗೆ ಸದ್ದಿದೆ, ಬೇಳೆಗೆ ಇದೆ, ಬದನೆಗೆ ಇದೆ, ಮುಚ್ಚಳಕ್ಕೂ ಇದೆ. ಉಪ್ಪಿಗಿಲ್ಲ. ನಮ್ಮ ಮನೆಯ ಉಪ್ಪಿನ ಡಬ್ಬಕ್ಕೆ ಮುಚ್ಚಳವೇ ಇಲ್ಲ, ಅಮ್ಮ ಕೈಯಲ್ಲೇ ತೆಗೆದು ಉದುರಿಸುತ್ತಾಳೆ. ರೆಕಾರ್ಡಿನಲ್ಲಿ ಅದು ಇರಲೇ ಇಲ್ಲ. ಕಲಿಯುವಾಗ ಬೆನ್ನ ಹಿಂದಿನಿಂದ ಅವಳ ಕೈ ಬಂದು ಹೋಗುತ್ತಿತ್ತಲ್ಲ, ನೊಣ ಓಡಿಸುತ್ತಿದ್ದಾಳೆ ಎಂದುಕೊಂಡಿದ್ದೆ.

ಮಾವ ಟವೆಲ್ಲು ಹೆಗಲಿಗೆ ಹಾಕಿಕೊಂಡರು. ಅಜ್ಜಿ ಬಟ್ಟಲನ್ನು ಇಡಲೂ ಮನಸ್ಸಿಲ್ಲದೆ ತಿನ್ನಲೂ ಆಗದೆ ಹಿಡಿದು ಕೂತಿದ್ದರು. ಆಕೆ ಎದ್ದರು. ಬಾಗಿಲ ಕಡೆ ಹೋಗುತ್ತಾರೆ ಎಂದುಕೊಂಡೆ. ಅಡುಗೆಮನೆಗೆ ಹೋದರು. ಯಾರನ್ನೂ ಕೇಳದೆ ಉಪ್ಪಿನ ಡಬ್ಬ ತಂದರು. ತನ್ನ ಬಟ್ಟಲಿಗೆ ಒಂದು ಚಿಟಿಕೆ ಹಾಕಿ, ಬೆರಳಲ್ಲಿ ಕಲಸಿ, ಮಾವನ ಎದುರಿಗೇ ನಿಂತು ಒಂದು ಹೋಳು ಬಾಯಿಗಿಟ್ಟು ಅಗಿದು ನುಂಗಿದರು.

“ಈಗ ತಿಂದೆ,” ಎಂದರು.

“ಒಸೇಯ್, ಇಲ್ಲಿ ಹಾಕು ನಂಗೂ,” ಎಂದು ಅಜ್ಜಿ ಬಟ್ಟಲು ಚಾಚಿದರು. ಉಪ್ಪು ಬಿದ್ದ ಮೇಲೆ ಇನ್ನೊಂದು ಹೋಳು ತಿಂದು, ಕಣ್ಣು ಮುಚ್ಚಿ, “ಬಾಗುಂದಿ. ಇದೇನ್ ಪುಡಿ ಅಮ್ಮಾ? ಹುಚ್ಚೆಳ್ಳಾ?” ಎಂದು ಅಮ್ಮನ ಕಡೆ ತಿರುಗಿದರು. ಅಮ್ಮ ಅಳುತ್ತ ಪುಡಿ ಮಾಡುವುದು ಹೇಗೆಂದು ಹೇಳತೊಡಗಿದಳು. ಹುರಿಯುವುದರಿಂದ ಶುರುಮಾಡಿ ಕುಟ್ಟುವ ತನಕ ಬರುವಷ್ಟರಲ್ಲಿ ಅಳು ನಿಂತಿತ್ತು.

ಮಾವ ನಿಂತೇ ಇದ್ದರು. ಹೆಗಲ ಟವೆಲ್ಲು ತೆಗೆದರು. ಮತ್ತೆ ಹಾಕಿಕೊಂಡರು. ಕೊನೆಗೆ ಕೂತು, ಯಾರ ಮುಖವನ್ನೂ ನೋಡದೆ ಬಟ್ಟಲನ್ನು ಸೋದರಸೊಸೆಯ ಕಡೆ ಸ್ವಲ್ಪವೇ ಸ್ವಲ್ಪ ತಳ್ಳಿದರು.

“ಹ್ಹ್ರಂ. ಜಾಸ್ತಿ ಹಾಕ್ಬ್ಯಾಡ. ನಂಗೆ ಬೀಪಿ.”

ಊಟಕ್ಕೆ ಕೂತಾಗ ಅವರು ಪಲ್ಯವನ್ನು ಎರಡನೇ ಸಲ ಹಾಕಿಸಿಕೊಂಡರು. ಚೆನ್ನಾಗಿದೆ ಎಂದು ಮಾತ್ರ ಇವತ್ತಿನ ತನಕ ಹೇಳಿಲ್ಲ.

ಮದುವೆಯಾಗಿ ಶಿರಾದಲ್ಲಿ ಮನೆ ಮಾಡಿದ ಮೇಲೆ ಒಂದು ದಿನ ಬೀನ್ಸ್ ಹೆಚ್ಚುತ್ತ ಅವಳನ್ನು ಕೇಳಿದೆ: “ಅವತ್ತು ನಾನು ಉಪ್ಪು ಹಾಕ್ಲಿಲ್ಲ ಅಂತ ನಿಂಗೆ ಗೊತ್ತಿತ್ತಾ?”

“ಗೊತ್ತಿರ್ದೆ ಏನು? ಯಾವಾಗ ಹಾಕ್ತೀರಾ ಅಂತ ಕಾಯ್ತಾನೇ ಇದ್ದೆ. ಗ್ಯಾಸ್ ಆಫ್ ಮಾಡ್ಬಿಟ್ರಿ.”

“ಹೇಳ್ಬಾರ್ದಿತ್ತಾ?”

“ಯಾರೂ ಕೈ ಹಾಕ್ಬಾರ್ದು ಅಂತ ರೂಲ್ ಮಾಡಿದ್ದು ನಾನೇ ಅಲ್ವಾ?”

“ಮತ್ತೆ ಅಜ್ಜಿ ಹತ್ರ ಹೋಗಿ ಏನಂದೆ?”

“ತಿನ್ನೋಣ ಅಂದೆ.” ಅವಳು ಯೂನಿಫಾರ್ಮು ಮಡಿಸುತ್ತಿದ್ದಳು, ತಲೆ ಎತ್ತಲಿಲ್ಲ. “ಉಪ್ಪು ಆಮೇಲೂ ಹಾಕ್ಕೋಬಹುದು.”

ನಾನು ಈಗ ದಿನಾ ಬೆಳಿಗ್ಗೆ ಪಲ್ಯ ಮಾಡಿ, ಆಮೇಲೆ ಮಧುಗಿರಿ ಬಸ್ಸು ಹಿಡಿದು ಅಂಗಡಿಗೆ ಹೋಗುತ್ತೇನೆ. ಬೀನ್ಸು, ಎಲೆಕೋಸು, ಗೋರಿಕಾಯಿ, ಅವರೆಕಾಲದಲ್ಲಿ ಅವರೆ. ಪಾವಗಡದಿಂದ ಮಾವ ಕಳಿಸಿದ ಕಡಲೆಕಾಯಿ ಪುಡಿ ಒಂದು ದಿನ, ಅಮ್ಮ ಕಳಿಸಿದ ಹುಚ್ಚೆಳ್ಳು ಪುಡಿ ಒಂದು ದಿನ. ಯಾರ ಪುಡಿ ಮುಗಿದಿದೆ ಎಂದು ಇಬ್ಬರೂ ಫೋನಿನಲ್ಲಿ ವಿಚಾರಿಸಿಕೊಳ್ಳುತ್ತಾರೆ. ನಾನು ಇನ್ನೂ ಕಿವಿಯಲ್ಲೇ ಅಡುಗೆ ಮಾಡುವವನು, ಅದು ಬದಲಾಗಿಲ್ಲ. ಉಪ್ಪಿಗೆ ಸದ್ದಿಲ್ಲದ ಕಾರಣ ಅದಕ್ಕೊಂದು ಸದ್ದು ಕೊಟ್ಟಿದ್ದೇನೆ. ಉಪ್ಪು ಹಾಕುವಾಗ ಮಾವನ ಹಾಗೆ ಗಂಟಲು ಸರಿಮಾಡಿಕೊಳ್ಳುತ್ತೇನೆ: ಹ್ಹ್ರಂ.

ನೈಟ್ ಡ್ಯೂಟಿ ಮುಗಿಸಿ ಬಂದವಳು ಒಳಗೆ ಕಣ್ಣು ಮುಚ್ಚಿ ಮಲಗಿರುತ್ತಾಳೆ. ನಿದ್ದೆ ಬಂದಿದೆ ಎಂದುಕೊಂಡಿರುತ್ತೇನೆ. ಸಾಸಿವೆ ಸಿಡಿಯುತ್ತದೆ, ತರಕಾರಿ ಬೀಳುತ್ತದೆ, ಮುಚ್ಚಳ ಏಳುತ್ತದೆ, ಸೌಟು ಟಕ್ ಟಕ್ ಎನ್ನುತ್ತದೆ. ಒಲೆಯ ತಿರುಪಿಗೆ ಕೈ ಹಾಕಬೇಕು, ಅಷ್ಟರಲ್ಲಿ ಕೋಣೆಯಿಂದ ದನಿ ಬರುತ್ತದೆ:

“ರೀ, ಮಾವ ಇನ್ನೂ ಬಂದಿಲ್ಲ.”